ನಮ್ಮದೇ ತಡೆಪಟ್ಟಿ: ಸ್ಪ್ಯಾಮ್ ಮೇಲ್ ಅನ್ನು ಬಾಗಿಲಲ್ಲೇ ನಿಲ್ಲಿಸೋದು ಹೇಗೆ?

ಹೋದ ಮಳೆಗಾಲದಲ್ಲಿ ಕಳಸದ ಹತ್ತಿರ ಹೋಮ್‌ಸ್ಟೇ ನಡೆಸುವ ನಮ್ಮ ಕ್ಲಾಸ್‌ಮೇಟ್‌ನ ದೊಡ್ಡಪ್ಪ ಫೋನ್ ಮಾಡಿದ್ರು. "ಏನ್ರೋ ಹುಡುಗ್ರಾ, ನಿಮ್ಮ ಮೇಲ್ ತೆಗೆದ್ರೆ ಬರೀ ಕಸ. ಇಲ್ಲಿ ಸಿಗ್ನಲ್ ಸಿಗೋದೇ ಸಂಜೆ ಅರ್ಧ ಗಂಟೆ. ಅದೂ ಈ ಕಸ ಇಳಿಸೋದಕ್ಕೇ ಹೋಗುತ್ತಲ್ಲ ಮಾರಾಯ್ರೇ!"

"ನಿಮ್ಮ ಮೇಲ್" ಅಂತ ಅವರು ಬೈದಿದ್ದಕ್ಕೆ ಕಾರಣ ಇದೆ. ನಮ್ಮ ಸೀನಿಯರ್‌ಗಳು ಪ್ರಾಜೆಕ್ಟ್‌ಗೆ ಅಂತ ಒಂದು ಸಣ್ಣ ಸರ್ವರ್ ಬಾಡಿಗೆಗೆ ತಗೊಂಡು, ಅದರ ಮೇಲೆ ಪೋಸ್ಟ್‌ಫಿಕ್ಸ್ ಹಾಕಿ, ಕ್ಲಬ್‌ಗೂ ಪರಿಚಯದ ಎರಡು ಮೂರು ಹೋಮ್‌ಸ್ಟೇಗಳಿಗೂ ಇಮೇಲ್ ಕೊಟ್ಟಿದ್ರು. ಅವರು ಪಾಸಾಗಿ ಹೋದ್ರು, ಸರ್ವರ್ ನಮ್ಮ ತಲೆ ಮೇಲೆ ಬಂತು. ಸ್ಪ್ಯಾಮ್ ಕೂಡ ಜೊತೆಗೇ ಬಂತು. ಅದರಲ್ಲಿ ಕೆಲವು ಬರೀ ಜಾಹೀರಾತಲ್ಲ. "ಬುಕಿಂಗ್ ಅಡ್ವಾನ್ಸ್ ಕಳಿಸಿದ್ದೇವೆ, ರಸೀದಿ ನೋಡಿ" ಅಂತ ಬರೆದು ಒಂದು ಜಿಪ್ ಫೈಲ್ ಅಂಟಿಸಿದ ಮೇಲ್‌ಗಳೂ ಇದ್ದವು. ಹೋಮ್‌ಸ್ಟೇ ನಡೆಸೋರು ಅಂಥದ್ದನ್ನು ತೆರೆಯದೇ ಇರ್ತಾರಾ?

ಇದನ್ನು ನಿಲ್ಲಿಸೋದಕ್ಕೆ ನಾವು ಒಂದು ತಡೆಪಟ್ಟಿ, ಅಂದ್ರೆ ಬ್ಲಾಕ್‌ಲಿಸ್ಟ್, ಕಟ್ಟಿದೆವು. ಮಧ್ಯೆ ಒಂದು ದೊಡ್ಡ ತಪ್ಪೂ ಮಾಡಿದೆವು. ಎರಡನ್ನೂ ಇಲ್ಲಿ ಬರೆಯುತ್ತಿದ್ದೇವೆ. ನೆಟ್‌ವರ್ಕ್ಸ್ ಸಬ್ಜೆಕ್ಟ್ ಇನ್ನೂ ಓದದವರಿಗೂ ಅರ್ಥ ಆಗಬೇಕು ಅನ್ನೋದು ನಮ್ಮ ಆಸೆ.

ಮೊದಲು, ಮೇಲ್ ಬರುವ ದಾರಿ

ಒಂದು ಸರ್ವರ್ ಇನ್ನೊಂದಕ್ಕೆ ಮೇಲ್ ಕೊಡುವಾಗ ಎಸ್‌ಎಂಟಿಪಿ ಅನ್ನೋ ಪ್ರೋಟೋಕಾಲ್‌ನಲ್ಲಿ ಮಾತಾಡುತ್ತೆ. ಜಾನ್ ಪೋಸ್ಟೆಲ್ 1982ರಲ್ಲಿ ಆರ್‌ಎಫ್‌ಸಿ 821 ಆಗಿ ಬರೆದಿದ್ದು ಇದು. ಮಾತುಕತೆ ಹೀಗಿರುತ್ತೆ:

ನಮ್ಮ ಸರ್ವರ್: 220, ನಾನು ಸಿದ್ಧ.
ಅವರು: ಈಹೆಲೋ, ನಾನು ಇಂಥವನು.
ನಮ್ಮದು: 250, ಸರಿ.
ಅವರು: ಮೇಲ್ ಫ್ರಮ್, ಇಂಥವರಿಂದ.
ನಮ್ಮದು: 250.
ಅವರು: ಆರ್‌ಸಿಪಿಟಿ ಟು, ಇಂಥವರಿಗೆ.
ನಮ್ಮದು: 250.
ಅವರು: ಡೇಟಾ.
ನಮ್ಮದು: 354, ಕಳಿಸು.

ಇಷ್ಟಾದ ಮೇಲೆ ಮಾತ್ರ ಮೇಲ್‌ನ ಒಳಗಿನ ವಿಷಯ, ಅಟ್ಯಾಚ್‌ಮೆಂಟ್ ಎಲ್ಲ ಬರುತ್ತೆ. ಈ ಮಾತುಕತೆಯಲ್ಲಿ ಕಳಿಸುವವನು ಹೇಳೋ ಹೆಸರು, ವಿಳಾಸ ಎಲ್ಲ ಸುಳ್ಳಾಗಿರಬಹುದು. ಲಕೋಟೆ ಹಿಂದೆ "ಇಂದ" ಅಂತ ಯಾರ ಹೆಸರು ಬೇಕಾದ್ರೂ ಬರೆಯಬಹುದಲ್ವಾ, ಹಾಗೆ. ಆದರೆ ಒಂದು ವಿಷಯದಲ್ಲಿ ಸುಳ್ಳು ಹೇಳೋದು ಬಹಳ ಕಷ್ಟ: ಐಪಿ ವಿಳಾಸ. ಟಿಸಿಪಿ ಹ್ಯಾಂಡ್‌ಶೇಕ್ ಮುಗಿಯಬೇಕಾದ್ರೆ ನಾವು ಕಳಿಸಿದ ಉತ್ತರ ಆ ಐಪಿಗೆ ತಲುಪಿ, ಅಲ್ಲಿಂದ ಮತ್ತೆ ಉತ್ತರ ಬರಬೇಕು. ಸುಳ್ಳು ಐಪಿ ಕೊಟ್ಟವನಿಗೆ ನಮ್ಮ ಉತ್ತರ ಸಿಗೋದೇ ಇಲ್ಲ.

ಹಾಗಾಗಿ ತಡೆಪಟ್ಟಿ ಐಪಿ ನೋಡಿ ಕೆಲಸ ಮಾಡುತ್ತೆ. ಡೇಟಾಗಿಂತ ಮುಂಚೆಯೇ "554, ಆಗಲ್ಲ" ಅಂದುಬಿಟ್ಟರೆ ಅಟ್ಯಾಚ್‌ಮೆಂಟ್ ನಮ್ಮ ಕಡೆ ಬರೋದೇ ಇಲ್ಲ. ಲೆಕ್ಕ ಹಾಕೋಣ: ಒಂದು ಸ್ಪ್ಯಾಮ್ 60 ಕೆಬಿ ಅಂತಿಟ್ಟುಕೊಳ್ಳಿ, ದಿನಕ್ಕೆ 5000 ಬಂದರೆ 300 ಎಂಬಿ. ಬಾಗಿಲಲ್ಲೇ ನಿಲ್ಲಿಸಿದರೆ ಒಂದೊಂದಕ್ಕೆ ಒಂದೆರಡು ಕೆಬಿ ಮಾತುಕತೆ ಅಷ್ಟೇ.

ಇನ್ನೊಂದು ಮುಖ್ಯ ಲಾಭ ಇದೆ. ಮಾತುಕತೆಯ ಒಳಗೇ ಬೇಡ ಅಂದರೆ, ಆ ಕಡೆಯವರು ನಿಜವಾದ ಸರ್ವರ್ ಆಗಿದ್ದಲ್ಲಿ "ನಿಮ್ಮ ಮೇಲ್ ತಲುಪಿಲ್ಲ" ಅಂತ ಕಳಿಸಿದವರಿಗೆ ತಿಳಿಸುತ್ತೆ. ಮೇಲ್ ತಗೊಂಡು ಆಮೇಲೆ ಸದ್ದಿಲ್ಲದೆ ಬಿಸಾಡಿದರೆ ಯಾರಿಗೂ ಗೊತ್ತಾಗಲ್ಲ. ತಗೊಂಡು ಆಮೇಲೆ ವಾಪಸ್ ಕಳಿಸೋದು ಇನ್ನೂ ಕೆಟ್ಟದ್ದು, ಯಾಕಂದ್ರೆ "ಇಂದ" ವಿಳಾಸ ಸುಳ್ಳು. ಆ ವಾಪಸ್ ಮೇಲ್ ಯಾರೋ ಪಾಪದವರ ಇನ್‌ಬಾಕ್ಸ್‌ಗೆ ಹೋಗಿ ಬೀಳುತ್ತೆ.

ಡಿಎನ್‌ಎಸ್ ಅನ್ನೇ ಪಟ್ಟಿ ಮಾಡಿಕೊಂಡ ಉಪಾಯ

1997ರಲ್ಲಿ ಪಾಲ್ ವಿಕ್ಸಿ ಮತ್ತು ಜೊತೆಗಾರರು ಆರ್‌ಬಿಎಲ್ ಅನ್ನೋ ಮೊದಲ ತಡೆಪಟ್ಟಿ ಶುರು ಮಾಡಿದರು. ಸ್ವಲ್ಪ ಸಮಯದಲ್ಲೇ ಅದನ್ನು ಡಿಎನ್‌ಎಸ್ ಮೂಲಕ ಕೊಡುವ ಪದ್ಧತಿ ಬಂತು. ಇವತ್ತಿಗೂ ಅದೇ ನಡೀತಿದೆ. 2010ರಲ್ಲಿ ಆರ್‌ಎಫ್‌ಸಿ 5782 ಇದರ ನಿಯಮಗಳನ್ನು ಬರೆದಿಟ್ಟಿತು.

ಕೆಲಸ ತುಂಬಾ ಸರಳ. 203.0.113.25 ನಮ್ಮ ಬಾಗಿಲಿಗೆ ಬಂತು ಅನ್ನಿ. ನಮ್ಮ ಸರ್ವರ್ ಆ ಅಂಕಿಗಳನ್ನು ತಿರುಗಿಸಿ, ಕೊನೆಗೆ ಪಟ್ಟಿಯ ಹೆಸರು ಸೇರಿಸಿ, 25.113.0.203.ತಡೆ.ಕಾಲೇಜು ಅಂತ ಡಿಎನ್‌ಎಸ್‌ಗೆ ಕೇಳುತ್ತೆ. (ಓದೋಕೆ ಸುಲಭ ಆಗಲಿ ಅಂತ ಹೆಸರನ್ನು ಕನ್ನಡದಲ್ಲಿ ಬರೆದಿದ್ದೇವೆ.) "ಅಂಥ ಹೆಸರೇ ಇಲ್ಲ" ಅಂತ ಉತ್ತರ ಬಂದರೆ ಆ ಐಪಿ ಪಟ್ಟಿಯಲ್ಲಿಲ್ಲ. 127.0.0.2 ಅಂತ ಬಂದರೆ ಪಟ್ಟಿಯಲ್ಲಿದೆ. ಅದೇ ಹೆಸರಿಗೆ ಟಿಎಕ್ಸ್‌ಟಿ ದಾಖಲೆ ಕೇಳಿದರೆ ಕಾರಣವೂ ಸಿಗುತ್ತೆ.

ಅಂಕಿ ತಿರುಗಿಸೋದು ಯಾಕೆ? ಐಪಿಯಲ್ಲಿ ದೊಡ್ಡ ಭಾಗ ಎಡಕ್ಕೆ, ಡಿಎನ್‌ಎಸ್ ಹೆಸರಿನಲ್ಲಿ ದೊಡ್ಡ ಭಾಗ ಬಲಕ್ಕೆ. ತಿರುಗಿಸಿದರೆ ಎರಡೂ ಹೊಂದುತ್ತೆ, ಒಂದು ಇಡೀ ಬ್ಲಾಕ್ ಅನ್ನು ಒಂದೇ ಸಾಲಿನಲ್ಲಿ ಹೇಳಬಹುದು.

ಸಾರ್ವಜನಿಕ ಪಟ್ಟಿ ಇರುವಾಗ ನಮ್ಮದು ಯಾಕೆ?

1998ರಲ್ಲಿ ಶುರುವಾದ ಸ್ಪ್ಯಾಮ್‌ಹಾಸ್‌ನಂಥ ಸಂಸ್ಥೆಗಳ ಪಟ್ಟಿ ಇದೆ. ಸಣ್ಣ ಸರ್ವರ್‌ಗಳಿಗೆ ಉಚಿತ. ಅದನ್ನು ಬಳಸಲೇಬೇಕು. ನಮ್ಮ ಪಟ್ಟಿ ಇರೋದು ಅದರ ಜೊತೆಗೆ, ಅದರ ಬದಲಿಗೆ ಅಲ್ಲ.

ಆದರೆ ನಮ್ಮ ಲಾಗ್ ನೋಡಿದಾಗ ಒಂದು ವಿಷಯ ಕಂಡಿತು. ಸ್ಪ್ಯಾಮ್ ಅಲೆಅಲೆಯಾಗಿ ಬರುತ್ತೆ, ಒಂದೊಂದು ಅಲೆ ಒಂದು ಗಂಟೆಯೊಳಗೆ ಮುಗಿದೇ ಹೋಗುತ್ತೆ. ಹೊಸ ಐಪಿ ಬಾಡಿಗೆಗೆ ತಗೊಳ್ತಾರೆ, ಕಳಿಸ್ತಾರೆ, ಬಿಟ್ಟು ಹೋಗ್ತಾರೆ. ದೂರದ ಪಟ್ಟಿಗೆ ಆ ಐಪಿ ಸೇರೋ ಹೊತ್ತಿಗೆ ನಮ್ಮ ಇನ್‌ಬಾಕ್ಸ್ ತುಂಬಿರುತ್ತೆ. ಹೋಮ್‌ಸ್ಟೇಗಳನ್ನೇ ಗುರಿ ಮಾಡಿದ ಸಣ್ಣ ಅಲೆ ಆದರಂತೂ ದೊಡ್ಡ ಪಟ್ಟಿಗಳ ಕಣ್ಣಿಗೆ ಬೀಳದೇ ಹೋಗಬಹುದು.

ಮೂಡಿಗೆರೆ ಕಡೆಯವರಿಗೆ ಇದು ಬೇಗ ಅರ್ಥ ಆಗುತ್ತೆ. ಕಾಫಿ ತೋಟಕ್ಕೆ ಆನೆ ಬಂದಾಗ ಮೊದಲು ಗೊತ್ತಾಗೋದು ಪಕ್ಕದ ತೋಟದವರಿಗೆ. ಅವರು ವಾಟ್ಸಾಪ್ ಗ್ರೂಪ್‌ಗೆ "ಆನೆ ಈ ಕಡೆ ಇದೆ, ಕೆಲಸದವರನ್ನು ಕಳಿಸಬೇಡಿ" ಅಂತ ಹಾಕಿದ ಹತ್ತು ನಿಮಿಷದಲ್ಲಿ ಸುತ್ತಲಿನವರಿಗೆ ಗೊತ್ತಾಗುತ್ತೆ. ಆ ಸುದ್ದಿಯ ಬೆಲೆ ಇರೋದು ಅದು ಹತ್ತಿರದ್ದು, ಈಗಿನದ್ದು ಅನ್ನೋದರಲ್ಲಿ. ಮೊನ್ನೆಯ ಮೆಸೇಜ್ ಅನ್ನು ಇವತ್ತು ಯಾರಾದ್ರೂ ಫಾರ್ವರ್ಡ್ ಮಾಡಿದರೆ ಸುಮ್ಮನೆ ಒಂದು ದಿನದ ಕೆಲಸ ಹಾಳು. ಈ ಎರಡನೇ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಪಟ್ಟಿಗೆ ಐಪಿ ಎಲ್ಲಿಂದ ಬರುತ್ತೆ?

ಮೂರು ಮೂಲ ಇಟ್ಟುಕೊಂಡೆವು.

ಒಂದು, ಬೋನಿನ ವಿಳಾಸ. ಯಾರಿಗೂ ಕೊಡದ, ಯಾವ ಮನುಷ್ಯನೂ ಬಳಸದ ಒಂದು ಇಮೇಲ್ ವಿಳಾಸವನ್ನು ವೆಬ್‌ಸೈಟ್‌ನಲ್ಲಿ ಕಣ್ಣಿಗೆ ಕಾಣದ ಹಾಗೆ ಇಡೋದು. ವಿಳಾಸ ಹೆಕ್ಕುವ ಪ್ರೋಗ್ರಾಂ ಮಾತ್ರ ಅದನ್ನು ಓದುತ್ತೆ. ಅಲ್ಲಿಗೆ ಮೇಲ್ ಬಂದರೆ ಕಳಿಸಿದವನು ಬಹುಮಟ್ಟಿಗೆ ಸ್ಪ್ಯಾಮರ್. ಎರಡು ಎಚ್ಚರಿಕೆ: ಪಾಸಾಗಿ ಹೋದ ಸೀನಿಯರ್‌ನ ಹಳೇ ವಿಳಾಸವನ್ನು ಬೋನು ಮಾಡಬೇಡಿ, ಅವರಿಗೆ ಗೆಳೆಯರು ಇನ್ನೂ ಬರೀತಾ ಇರ್ತಾರೆ. ಮತ್ತೆ, "ಇಂದ" ಖಾಲಿ ಇರುವ ಮೇಲ್‌ಗಳನ್ನು ಲೆಕ್ಕಕ್ಕೆ ತಗೋಬೇಡಿ. ಅವು ಬೇರೆ ಸರ್ವರ್‌ಗಳು ಕಳಿಸುವ "ಮೇಲ್ ತಲುಪಿಲ್ಲ" ಅನ್ನೋ ಸೂಚನೆಗಳು.

ಎರಡು, ಇಲ್ಲದ ಹೆಸರುಗಳ ಹುಡುಕಾಟ. ಒಂದೇ ಐಪಿ ಸಾಲಾಗಿ ಇನ್ಫೋ, ಸೇಲ್ಸ್, ಅಡ್ಮಿನ್, ರಾಜು, ರಮೇಶ್ ಅಂತ ಊಹೆ ಮಾಡಿ ವಿಳಾಸ ಕೇಳುತ್ತಾ ಹೋದರೆ ಲಾಗ್‌ನಲ್ಲಿ "ಅಂಥ ಬಳಕೆದಾರ ಇಲ್ಲ" ಅನ್ನೋ 550ಗಳ ಸಾಲು ಕಾಣುತ್ತೆ. ಒಬ್ಬ ಮನುಷ್ಯ ಸ್ಪೆಲ್ಲಿಂಗ್ ತಪ್ಪಿದರೆ ಒಂದೆರಡು ಸಲ, ಹತ್ತು ನಿಮಿಷದಲ್ಲಿ ಇಪ್ಪತ್ತು ಸಲ ಅಲ್ಲ.

ಮೂರು, ಬಳಕೆದಾರರ ದೂರು. ಮೇಲ್ ಅನ್ನು "ಸ್ಪ್ಯಾಮ್" ಫೋಲ್ಡರ್‌ಗೆ ಹಾಕಿದರೆ ನಮ್ಮ ಸ್ಕ್ರಿಪ್ಟ್ ಅದರ ಹೆಡರ್ ಓದುತ್ತೆ. "ರಿಸೀವ್ಡ್" ಅನ್ನೋ ಸಾಲುಗಳು ಹಲವು ಇರುತ್ತವೆ. ಅದರಲ್ಲಿ ನಮ್ಮ ಸರ್ವರ್ ತಾನೇ ಬರೆದ ಸಾಲನ್ನು ಮಾತ್ರ ನಂಬಬೇಕು. ಅದರ ಕೆಳಗಿರೋದನ್ನೆಲ್ಲ ಕಳಿಸಿದವನೇ ಹುಟ್ಟಿಸಿರಬಹುದು.

ನಾವು ಮಾಡಿದ ತಪ್ಪು

ಮೊದಲ ವಾರ ನಮ್ಮ ನಿಯಮ ಒಂದೇ ಸಾಲಿನದ್ದು: ಈ ಮೂರರಲ್ಲಿ ಯಾವುದಾದರೂ ಒಂದು ಆದರೆ ಪಟ್ಟಿಗೆ ಸೇರಿಸು, 554 ಕೊಡು. ಅವಧಿ ಇಲ್ಲ, ತೆಗೆಯೋದೂ ಇಲ್ಲ. ಕಸ ಬರೋದು ನಿಂತೇ ಹೋಯ್ತು. ನಾವು ಕ್ಯಾಂಟೀನ್‌ನಲ್ಲಿ ಪಾರ್ಟಿ ಕೂಡ ಮಾಡಿದೆವು.

ಎಂಟು ದಿನ ಆದಮೇಲೆ ದೊಡ್ಡಪ್ಪ ಮತ್ತೆ ಫೋನ್ ಮಾಡಿದ್ರು. "ಹುಬ್ಬಳ್ಳಿಯಿಂದ ಒಬ್ರು ಫೋನ್ ಮಾಡಿದ್ರು. ಮೇಲ್ ಮಾಡಿದ್ರೆ ವಾಪಸ್ ಬರ್ತಿದೆಯಂತೆ. ನೀವು ಕಸ ನಿಲ್ಲಿಸಿದ್ರೋ, ನನ್ನ ಹೋಮ್‌ಸ್ಟೇನೇ ನಿಲ್ಲಿಸಿದ್ರೋ?"

ಲಾಗ್ ತೆಗೆದು ನೋಡಿದಾಗ ವಿಷಯ ಗೊತ್ತಾಯ್ತು. ಅವರ ಹಳೇ ಇಮೇಲ್ ವಿಳಾಸ ಬೇರೆ ಕಡೆ ಇತ್ತು, ಅಲ್ಲಿಗೆ ಬಂದಿದ್ದೆಲ್ಲ ನಮ್ಮ ಸರ್ವರ್‌ಗೆ ತಾನಾಗೇ ಫಾರ್ವರ್ಡ್ ಆಗ್ತಿತ್ತು. ಆ ಹಳೇ ವಿಳಾಸಕ್ಕೆ ಬಂದ ಒಂದು ಸ್ಪ್ಯಾಮ್ ಹಾಗೇ ಇಲ್ಲಿಗೂ ಬಂತು. ದೊಡ್ಡಪ್ಪ ಸರಿಯಾಗೇ ಅದನ್ನು ಸ್ಪ್ಯಾಮ್ ಫೋಲ್ಡರ್‌ಗೆ ಹಾಕಿದ್ರು. ಆದರೆ ನಮ್ಮ ಬಾಗಿಲಿಗೆ ಬಂದ ಐಪಿ ಸ್ಪ್ಯಾಮರ್‌ನದ್ದಲ್ಲ, ಫಾರ್ವರ್ಡ್ ಮಾಡುವ ಸರ್ವರ್‌ನದ್ದು. ನಮ್ಮ ಸ್ಕ್ರಿಪ್ಟ್ ಅದನ್ನೇ ಪಟ್ಟಿಗೆ ಹಾಕಿತು. ಅಲ್ಲಿಂದ ಮುಂದೆ ಹಳೇ ವಿಳಾಸಕ್ಕೆ ಬರೆದ ನಿಜವಾದ ಅತಿಥಿಗಳ ಮೇಲ್ ಎಲ್ಲ ಬಂದ್.

ಹುಬ್ಬಳ್ಳಿಯವರಿಗೆ ವಾಪಸ್ ಬಂದ ಮೇಲ್‌ನಲ್ಲಿ ಕಾರಣ ಇತ್ತು, ಅವರು ತಾಳ್ಮೆಯಿಂದ ನಂಬರ್ ಹುಡುಕಿ ಫೋನ್ ಮಾಡಿದ್ರು. ಫೋನ್ ಮಾಡದೆ ಬೇರೆ ಹೋಮ್‌ಸ್ಟೇಗೆ ಹೋದವರು ಎಷ್ಟು ಜನ? ಅವರ ಲೆಕ್ಕ ನಮಗೆ ಸಿಗಲೇ ಇಲ್ಲ. ಮಳೆಗಾಲದಲ್ಲಿ ಮೊದಲೇ ಅತಿಥಿಗಳು ಕಡಿಮೆ. ದೊಡ್ಡಪ್ಪ ಜಾಸ್ತಿ ಬೈಯಲಿಲ್ಲ. ಅದೇ ನಮಗೆ ಜಾಸ್ತಿ ಬೇಜಾರಾಗಿದ್ದು.

ಆಮೇಲೆ ಕೂತು ಒಂದು ಲೆಕ್ಕ ಮಾಡಿದೆವು. 1000 ಸಲ ಬಾಗಿಲು ತಟ್ಟಿದರು ಅಂತ ಇಟ್ಟುಕೊಳ್ಳಿ: 900 ಸ್ಪ್ಯಾಮ್, 100 ಒಳ್ಳೇದು. ಪಟ್ಟಿ 95% ಸ್ಪ್ಯಾಮ್ ಹಿಡಿದು, 1% ಒಳ್ಳೇದನ್ನು ತಪ್ಪಾಗಿ ತಡೆದರೆ 855 ಕಸ ನಿಂತಿತು, 1 ಒಳ್ಳೇದು ಹೋಯಿತು. ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ಇದು ಸೂಪರ್ ರಿಸಲ್ಟ್. ಆದರೆ ಆ ಒಂದು ಮೇಲ್ ನಾಲ್ಕು ದಿನದ ಬುಕಿಂಗ್ ಆಗಿದ್ದರೆ? ಒಂದು ಕಸ ಒಳಗೆ ಬಂದರೆ ಡಿಲೀಟ್ ಮಾಡೋಕೆ ಎರಡು ಸೆಕೆಂಡ್. ಎರಡು ತಪ್ಪುಗಳ ಬೆಲೆ ಒಂದೇ ಅಲ್ಲ.

ಸರಿ ಮಾಡಿದ ರೀತಿ

ಅಂಕ. ಈಗ ಒಂದೊಂದು ಮೂಲಕ್ಕೆ ಒಂದೊಂದು ತೂಕ: ಬೋನಿಗೆ 5, ಇಲ್ಲದ ಹೆಸರುಗಳ ಸಾಲಿಗೆ 3, ದೂರಿಗೆ 2. ಒಟ್ಟು 5 ಆದರೆ ಮಾತ್ರ ಪಟ್ಟಿಗೆ. ಒಬ್ಬರ ಒಂದು ದೂರಿನಿಂದ ಯಾರೂ ಪಟ್ಟಿಗೆ ಬರಲ್ಲ. ಈ ಅಂಕಿಗಳು ನಮ್ಮ ಸರ್ವರ್‌ಗೆ ನಾವು ಇಟ್ಟುಕೊಂಡಿದ್ದು, ನಿಮ್ಮ ಲಾಗ್ ನೋಡಿ ನೀವು ಬದಲಾಯಿಸಿ.

ಬಿಳಿಪಟ್ಟಿ ಮೊದಲು. ಜಿಮೇಲ್, ಔಟ್‌ಲುಕ್ ತರಹದ ದೊಡ್ಡ ಸೇವೆಗಳ ಐಪಿಗಳಿಂದ ಲಕ್ಷಾಂತರ ಜನರ ಮೇಲ್ ಬರುತ್ತೆ. ಒಬ್ಬ ಸ್ಪ್ಯಾಮ್ ಕಳಿಸಿದ ಅಂತ ಆ ಐಪಿ ತಡೆದರೆ ಎಲ್ಲರೂ ಹೊರಗೆ. ಅವುಗಳನ್ನೂ, ನಮ್ಮ ಬಳಕೆದಾರರಿಗೆ ಫಾರ್ವರ್ಡ್ ಮಾಡುವ ಸರ್ವರ್‌ಗಳನ್ನೂ ಬಿಳಿಪಟ್ಟಿಗೆ ಹಾಕಿ, ಪೋಸ್ಟ್‌ಫಿಕ್ಸ್‌ನಲ್ಲಿ ಅದನ್ನು ತಡೆಪಟ್ಟಿಗಿಂತ ಮೇಲಿನ ಸಾಲಿನಲ್ಲಿ ಇಟ್ಟೆವು. ನಿಯಮಗಳನ್ನು ಅದು ಮೇಲಿನಿಂದ ಕೆಳಗೆ ಓದುತ್ತೆ, ಮೊದಲು ಸಿಕ್ಕಿದ ಉತ್ತರವೇ ಕೊನೆ. ಆ ಐಪಿಗಳಿಂದ ಬರುವ ಸ್ಪ್ಯಾಮ್‌ಗೆ ಒಳಗಿನ ವಿಷಯ ನೋಡುವ ಸ್ಪ್ಯಾಮ್‌ಅಸಾಸಿನ್‌ನಂಥ ಫಿಲ್ಟರ್ ಬೇಕು. ಅದು ತಡೆಪಟ್ಟಿಯ ಕೆಲಸ ಅಲ್ಲ.

5ರ ಬದಲು 4. ಇದೇ ನಮಗೆ ಸಿಕ್ಕ ಅತಿ ಒಳ್ಳೆ ಪಾಠ. ಎಸ್‌ಎಂಟಿಪಿಯಲ್ಲಿ 5ರಿಂದ ಶುರುವಾಗುವ ಉತ್ತರ ಅಂದ್ರೆ "ಆಗಲ್ಲ, ಹೋಗು". 4ರಿಂದ ಶುರುವಾದರೆ "ಈಗ ಆಗಲ್ಲ, ಆಮೇಲೆ ಬಾ". ನಿಜವಾದ ಸರ್ವರ್ ಮತ್ತೆ ಮತ್ತೆ ಬರುತ್ತೆ. ಕನಿಷ್ಠ 4-5 ದಿನ ಪ್ರಯತ್ನ ಬಿಡಬಾರದು ಅಂತ ಆರ್‌ಎಫ್‌ಸಿ 5321 ಹೇಳುತ್ತೆ. ಅವಸರದ ಸ್ಪ್ಯಾಮ್ ಪ್ರೋಗ್ರಾಂಗಳಲ್ಲಿ ಬಹಳಷ್ಟು ಹಾಗೆ ಕಾಯಲ್ಲ. ಹಾಗಾಗಿ ಸ್ಕ್ರಿಪ್ಟ್ ತಾನಾಗೇ ಸೇರಿಸಿದ ಐಪಿಗೆಲ್ಲ 451 ಮಾತ್ರ. ಸ್ಕ್ರಿಪ್ಟ್ ತಪ್ಪು ಮಾಡಿದರೆ ಮೇಲ್ ತಡವಾಗುತ್ತೆ, ಕಳೆದುಹೋಗಲ್ಲ. ನಮ್ಮಲ್ಲಿ ಒಬ್ಬರು ಲಾಗ್ ನೋಡಿ ಒಪ್ಪಿದ ಮೇಲೆ ಮಾತ್ರ 554. ಬೇಗ ತಡೆಯೋದು ಯಂತ್ರದ ಕೆಲಸ, ಶಾಶ್ವತವಾಗಿ ತಡೆಯೋದು ಮನುಷ್ಯರ ತೀರ್ಮಾನ.

ಅವಧಿ. ಮೊನ್ನೆಯ ಆನೆ ಮೆಸೇಜ್ ನೆನಪಿದೆಯಲ್ಲ? ಸ್ಪ್ಯಾಮರ್ ಬಿಟ್ಟುಹೋದ ಐಪಿಯನ್ನು ನಾಳೆ ಯಾವುದೋ ಶಾಲೆ ಬಾಡಿಗೆಗೆ ತಗೋಬಹುದು. ಮೊದಲ ಸಲ 1 ಗಂಟೆ, ಮತ್ತೆ ಬಂದರೆ 6 ಗಂಟೆ, ಆಮೇಲೆ 1 ದಿನ, 7 ದಿನ. ಅವಧಿ ಮುಗಿದ ಸಾಲನ್ನು ಸ್ಕ್ರಿಪ್ಟ್ ತೆಗೆಯುತ್ತೆ. ಮನುಷ್ಯರು ಸೇರಿಸಿದ್ದಕ್ಕೂ ಕೊನೆಯ ದಿನಾಂಕ ಇರಲೇಬೇಕು.

ಕಾರಣ. ಪ್ರತಿ ಸಾಲಿಗೂ ಯಾವಾಗ, ಯಾಕೆ, ಯಾರು ಸೇರಿಸಿದ್ದು ಅಂತ ಬರೆದಿಡಿ. ಟಿಎಕ್ಸ್‌ಟಿಯಲ್ಲಿ ಸಂಪರ್ಕಿಸುವ ದಾರಿಯೂ ಇರಲಿ. ಕಾರಣ ಕಾಣಿಸಿದ್ದಕ್ಕೇ ಹುಬ್ಬಳ್ಳಿಯವರು ಫೋನ್ ಮಾಡಿದ್ದು.

ಓಡಿಸೋದು

ಪಟ್ಟಿ ಒಂದು ಸಾದಾ ಟೆಕ್ಸ್ಟ್ ಫೈಲ್. ಅದನ್ನು ಡಿಎನ್‌ಎಸ್ ಉತ್ತರವಾಗಿ ಕೊಡೋದಕ್ಕೆ ಆರ್‌ಬಿಎಲ್‌ಡಿಎನ್‌ಎಸ್‌ಡಿ ಅನ್ನೋ ಪುಟ್ಟ ಪ್ರೋಗ್ರಾಂ ಇದೆ, ತಡೆಪಟ್ಟಿಗೆ ಅಂತಲೇ ಬರೆದಿದ್ದು. ಫೈಲ್ ಬದಲಾದರೆ ತಾನೇ ಗಮನಿಸಿ ಮತ್ತೆ ಓದಿಕೊಳ್ಳುತ್ತೆ. ಪೋಸ್ಟ್‌ಫಿಕ್ಸ್‌ಗೆ "ರಿಜೆಕ್ಟ್ ಆರ್‌ಬಿಎಲ್ ಕ್ಲೈಂಟ್" ಅನ್ನೋ ಒಂದು ಸೆಟ್ಟಿಂಗ್ ಸಾಕು.

ನಮ್ಮನ್ನು ಎರಡು ದಿನ ಕಾಡಿದ್ದು ಕ್ಯಾಶ್. ಫೈಲ್‌ಗೆ ಐಪಿ ಸೇರಿಸಿದರೂ ಮೇಲ್ ಒಳಗೆ ಬರ್ತಾನೇ ಇತ್ತು! ಡಿಎನ್‌ಎಸ್ "ಇದೆ" ಅನ್ನೋ ಉತ್ತರವನ್ನು ಮಾತ್ರ ಅಲ್ಲ, "ಇಲ್ಲ" ಅನ್ನೋ ಉತ್ತರವನ್ನೂ ನೆನಪಿಟ್ಟುಕೊಳ್ಳುತ್ತೆ. ಸ್ಪ್ಯಾಮರ್ ಮೊದಲ ಸಲ ಬಂದಾಗ ಉತ್ತರ "ಇಲ್ಲ". ಆ "ಇಲ್ಲ" ಒಂದು ಗಂಟೆ ಕ್ಯಾಶ್‌ನಲ್ಲಿ ಕೂತರೆ ಅಲೆ ಮುಗಿದೇ ಹೋಯ್ತು. ಇದನ್ನು ನಿರ್ಧರಿಸೋದು ಎಸ್‌ಒಎ ದಾಖಲೆಯ ಕೊನೆಯ ಸಂಖ್ಯೆ. ಅದನ್ನು 60 ಸೆಕೆಂಡ್‌ಗೆ ಇಳಿಸಿದೆವು. ಬೇಗ ತಡೆಯಬೇಕು ಅನ್ನೋರು ಮೊದಲು ನೋಡಬೇಕಾದ್ದು ಇದನ್ನೇ.

ಐಪಿವಿ6 ಬಂದರೆ ಒಂದೊಂದೇ ವಿಳಾಸ ಬರೆಯಬೇಡಿ. ಒಂದು ಮನೆಗೇ /64 ಸಿಗುತ್ತೆ, ಅಂದ್ರೆ 2ರ ಘಾತ 64ರಷ್ಟು ವಿಳಾಸ. ಇಡೀ /64 ಅನ್ನು ಒಂದು ಸಾಲಾಗಿ ಎಣಿಸಿ.

ಸಾರ್ವಜನಿಕ ಪಟ್ಟಿ ಬಳಸುವಾಗ ನಿಮ್ಮದೇ ರಿಸಾಲ್ವರ್ ಇರಲಿ, ಅನ್‌ಬೌಂಡ್ ಸಾಕು. 8.8.8.8 ತರಹದ ತೆರೆದ ರಿಸಾಲ್ವರ್ ಮೂಲಕ ಕೇಳಿದರೆ ಸ್ಪ್ಯಾಮ್‌ಹಾಸ್ 127.255.255.254 ಅನ್ನೋ ತಪ್ಪಿನ ಸಂಕೇತ ಕೊಡುತ್ತೆ. "ಯಾವ ಉತ್ತರ ಬಂದರೂ ತಡೆ" ಅಂತ ನೀವು ಬರೆದಿದ್ದರೆ ಆ ಸಂಕೇತವನ್ನೇ "ಪಟ್ಟಿಯಲ್ಲಿದೆ" ಅಂತ ತಿಳಿದು ಎಲ್ಲ ಮೇಲ್ ತಡೆದುಬಿಡುತ್ತೆ. ಯಾವ ಉತ್ತರಕ್ಕೆ ತಡೆಯಬೇಕು ಅಂತ ಸ್ಪಷ್ಟವಾಗಿ ಬರೆಯಿರಿ.

ಕೊನೆಯದಾಗಿ ಟೆಸ್ಟ್. ಆರ್‌ಎಫ್‌ಸಿ 5782 ಪ್ರಕಾರ ಪ್ರತಿ ಪಟ್ಟಿಯಲ್ಲೂ 127.0.0.2 ಇರಲೇಬೇಕು, 127.0.0.1 ಇರಲೇಬಾರದು. ಮೊದಲನೆಯದು ಇಲ್ಲದಿದ್ದರೆ ಪಟ್ಟಿ ಸತ್ತಿದೆ. ಎರಡನೆಯದು ಇದ್ದರೆ ಪಟ್ಟಿ ಇಡೀ ಜಗತ್ತನ್ನೇ ತಡೆಯುತ್ತಿದೆ. ಇದು ತಮಾಷೆ ಅಲ್ಲ. 2003ರ ಆಗಸ್ಟ್‌ನಲ್ಲಿ ಒಸಿರುಸಾಫ್ಟ್ ಪಟ್ಟಿ, 2015ರಲ್ಲಿ ಎಎಚ್‌ಬಿಎಲ್ ಪಟ್ಟಿ ಬಾಗಿಲು ಹಾಕಿದ ಮೇಲೆ ಕೇಳಿದ ಎಲ್ಲ ಐಪಿಗೂ "ಇದೆ" ಅನ್ನತೊಡಗಿದವು. ಅವನ್ನು ಹಾಕಿ ಮರೆತಿದ್ದ ಸರ್ವರ್‌ಗಳಿಗೆ ಮೇಲ್ ಬರೋದೇ ನಿಂತಿತು. ನಾವು ಈ ಎರಡು ಪ್ರಶ್ನೆಗಳನ್ನು ಐದು ನಿಮಿಷಕ್ಕೊಮ್ಮೆ ಕೇಳುವ ಸ್ಕ್ರಿಪ್ಟ್ ಹಾಕಿದ್ದೇವೆ. ಉತ್ತರ ತಪ್ಪಾದರೆ ಆ ಪಟ್ಟಿಯನ್ನು ಅದೇ ತೆಗೆದುಹಾಕುತ್ತೆ.

ಮುಂದೆ?

ಪಕ್ಕದ ಕಾಲೇಜುಗಳ ಗೆಳೆಯರ ಜೊತೆ ಪಟ್ಟಿ ಹಂಚಿಕೊಳ್ಳುವ ಯೋಚನೆ ಇದೆ. ಆದರೆ ಒಬ್ಬರ ತಪ್ಪು ಎಲ್ಲರ ತಪ್ಪಾಗಬಾರದು. ಹಾಗಾಗಿ ಎರಡು ನಿಯಮ: ಬೇರೆ ಬೇರೆ ಎರಡು ಸರ್ವರ್‌ಗಳು ತಾವೇ ಕಂಡು ಹೇಳಿದರೆ ಮಾತ್ರ ನಂಬೋದು, ಮತ್ತು ಯಾರ ಪಟ್ಟಿ ಏನೇ ಹೇಳಲಿ, ನಮ್ಮ ಬಿಳಿಪಟ್ಟಿಯೇ ಮೇಲು.

ಮನೆಯಲ್ಲಿ ಮಾಡಿ ನೋಡೋಕೆ ಒಂದು ಕೆಲಸ: ನಿಮ್ಮ ಸ್ಪ್ಯಾಮ್ ಫೋಲ್ಡರ್‌ನಿಂದ ಒಂದು ಮೇಲ್ ತೆಗೆದು "ಒರಿಜಿನಲ್" ತೋರಿಸಿ. ನಿಮ್ಮ ಸರ್ವರ್ ಬರೆದ "ರಿಸೀವ್ಡ್" ಸಾಲು ಯಾವುದು, ಅದರಲ್ಲಿರೋ ಐಪಿ ಯಾವುದು, ಅದನ್ನು ತಡೆದರೆ ಬೇರೆ ಯಾರ ಮೇಲ್ ನಿಲ್ಲಬಹುದು ಅಂತ ಹುಡುಕಿ. ಮೂರನೇ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ ಅಂದ್ರೆ 554 ಒತ್ತಬೇಡಿ, 451 ಸಾಕು.

ದೊಡ್ಡಪ್ಪನ ಇನ್‌ಬಾಕ್ಸ್‌ಗೆ ಈಗಲೂ ವಾರಕ್ಕೆ ಎರಡು ಮೂರು ಕಸ ಬರುತ್ತೆ. "ಇಷ್ಟು ಇರ್ಲಿ ಬಿಡ್ರೋ, ಬುಕಿಂಗ್ ಬಂದ್ರೆ ಸಾಕು" ಅಂತಾರೆ. ದೀಪಾವಳಿ ರಜೆಗೆ ಅಲ್ಲಿಗೆ ಹೋದಾಗ ಊಟ ಹಾಕಿ, ಹೊರಡುವಾಗ ಕಾಫಿ ಪುಡಿ ಕಟ್ಟಿಕೊಟ್ಟರು. ಸರ್ವರ್ ಪಾಸ್‌ವರ್ಡ್ ಜೂನಿಯರ್‌ಗಳಿಗೆ ಕೊಡುವಾಗ ಈ ಲೇಖನವನ್ನೂ ಜೊತೆಗೆ ಕೊಡ್ತೇವೆ. ಸೇರೋ ಆಸಕ್ತಿ ಇದ್ದವರು ಶನಿವಾರ ಮಧ್ಯಾಹ್ನ ಲ್ಯಾಬ್‌ಗೆ ಬನ್ನಿ.